ಎರಡೋ, ಎಪ್ಪತ್ತೊಂದೋ? ಊರಲ್ಲಿ ಫಿಟ್ಸ್ ಇರುವವರನ್ನು ಹುಡುಕುವ ಬಗೆ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಗ್ರಾಮದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ಒಬ್ಬ ಆಶಾ ಅಕ್ಕನ ವ್ಯಾಪ್ತಿಯಲ್ಲಿ ಸುಮಾರು 1,000 ಜನರಿದ್ದಾರೆ. ಮನೆಮನೆಗೆ ಹೋಗಿ ‘ಯಾರಿಗಾದರೂ ಮೂರ್ಛೆ ರೋಗ ಇದೆಯಾ?’ ಎಂದು ಕೇಳಿದಾಗ ಸಿಕ್ಕವರು ಇಬ್ಬರೇ. ಆಮೇಲೆ ಒಂದು ಇಂಗ್ಲಿಷ್ ಪ್ರಶ್ನಾವಳಿಯನ್ನು ನಾನೇ ಕನ್ನಡಕ್ಕೆ ಮಾಡಿ ಕೇಳಿಸಿದೆ. 71 ಜನ ‘ಹೌದು’ ಅಂದರು. ಪಟ್ಟಿ ನೋಡಿದ ಡಾಕ್ಟರು ನಕ್ಕುಬಿಟ್ಟರು. ಯಾವುದು ಸರಿ? ಹೇಗೆ ಕೇಳಬೇಕು? ಇನ್ನೊಂದು: 22 ವರ್ಷದ ಹುಡುಗಿಯೊಬ್ಬಳ ತಾಯಿ ‘ಬರೀಬ್ಯಾಡ್ರಿ, ಮದುವಿ ಗೊತ್ತಾಗೈತಿ’ ಅಂತ ಕೈ ಹಿಡಿದುಕೊಂಡರು. ಆ ಹೆಸರನ್ನು ಏನು ಮಾಡಲಿ?

ಉತ್ತರ: ನಗುವಂಥದ್ದು ಅದರಲ್ಲಿ ಏನೂ ಇಲ್ಲ. ನಿಮ್ಮ ಎರಡೂ ಲೆಕ್ಕ ತಪ್ಪಿವೆ, ಆದರೆ ಇಂಥ ಸಮೀಕ್ಷೆ ಮಾಡಿದ ಎಲ್ಲರಿಗೂ ತಪ್ಪಿದಂತೆಯೇ ತಪ್ಪಿವೆ. ಮೊದಲು ಎಪ್ಪತ್ತೊಂದರ ಕಥೆ ಹೇಳುತ್ತೇನೆ, ನಿಮಗೆ ಸ್ವಲ್ಪ ಸಮಾಧಾನವಾಗಲಿ.

ನಮ್ಮ ರಾಜ್ಯದಲ್ಲೇ ಎರಡು ದೊಡ್ಡ ಎಣಿಕೆಗಳಾಗಿವೆ. ಯಳಂದೂರು ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಹಳ್ಳಿಹಳ್ಳಿ ಸುತ್ತಿ ಹುಡುಕಿದಾಗ ಸಾವಿರಕ್ಕೆ ನಾಲ್ಕರಿಂದ ಐದು ಜನ ಸಿಕ್ಕರು. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಅವರ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಒಟ್ಟಾರೆ ಸಾವಿರಕ್ಕೆ 8.83; ನಗರದಲ್ಲಿ 5.7, ಹಳ್ಳಿಯಲ್ಲಿ 11.9. ಒಂದೇ ರಾಜ್ಯದ ಹಳ್ಳಿಗಳಲ್ಲಿ ಒಂದು ಕಡೆ ಐದರ ಒಳಗೆ, ಇನ್ನೊಂದು ಕಡೆ ಹನ್ನೆರಡರ ಹತ್ತಿರ. ಆ ವ್ಯತ್ಯಾಸವೆಲ್ಲ ರೋಗದ್ದೇ ಅಂತ ನಾನು ಒಪ್ಪುವುದಿಲ್ಲ. ಯಾರು ಕೇಳಿದರು, ಹೇಗೆ ಕೇಳಿದರು, ಯಾವುದನ್ನು ಲೆಕ್ಕಕ್ಕೆ ಹಿಡಿದರು ಅನ್ನುವುದೂ ಅದರಲ್ಲಿ ಸೇರಿದೆ. ನಿಮ್ಮ ಸಾವಿರ ಜನರಲ್ಲಿ ಹತ್ತು ಮಂದಿ ಇದ್ದಾರೆ ಅಂತ ಇಟ್ಟುಕೊಳ್ಳೋಣ, ಲೆಕ್ಕಕ್ಕೆ ಸುಲಭ.

ಈಗ ಪ್ರಶ್ನಾವಳಿ. ಈ ವಿಷಯದಲ್ಲಿ ಮತ್ತೆ ಮತ್ತೆ ನೆನಪಾಗುವ ಪರೀಕ್ಷೆ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಉತ್ತರ ಭಾಗದ ಹಳ್ಳಿಗಳಲ್ಲಿ ನಡೆದದ್ದು, 1992ರಲ್ಲಿ ಪ್ರಕಟವಾಯಿತು. ಅವರ ಪ್ರಶ್ನೆಗಳು ನಿಜವಾಗಿ ಫಿಟ್ಸ್ ಇದ್ದವರಲ್ಲಿ ನೂರಕ್ಕೆ 79 ಜನರನ್ನು ಹಿಡಿದವು; ಫಿಟ್ಸ್ ಇಲ್ಲದವರಲ್ಲಿ ನೂರಕ್ಕೆ 93 ಜನರನ್ನು ಸರಿಯಾಗಿ ಬಿಟ್ಟುಬಿಟ್ಟವು. ಕೇಳಿದರೆ ಭರ್ಜರಿ ಫಲಿತಾಂಶ. ಅದನ್ನೇ ನಿಮ್ಮ ಊರಿಗೆ ಹಾಕಿ ನೋಡಿ. ಹತ್ತು ಜನ ರೋಗಿಗಳಲ್ಲಿ ಎಂಟು ಮಂದಿ ಸಿಗುತ್ತಾರೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ಉಳಿದ 990 ಜನರಲ್ಲಿ ನೂರಕ್ಕೆ ಏಳರಂತೆ 69 ಜನ ಸುಮ್ಮನೆ ಬಲೆಗೆ ಬೀಳುತ್ತಾರೆ. ಒಟ್ಟು 77 ‘ಹೌದು’, ಅದರಲ್ಲಿ ನಿಜವಾದವರು ಎಂಟು. ನಿಮಗೆ ಬಂದದ್ದು 71! ಈಕ್ವೆಡಾರ್‌ನಲ್ಲೂ ‘ಹೌದು’ ಅಂದ ನೂರು ಜನರಲ್ಲಿ ಫಿಟ್ಸ್ ಖಚಿತವಾದದ್ದು ಸುಮಾರು 18 ಮಂದಿಗೆ ಮಾತ್ರ. ಅಪರೂಪದ ಕಾಯಿಲೆಯನ್ನು ಹುಡುಕುವ ಯಾವ ಜರಡಿಯೂ ಹೀಗೇ. ಜೋಳ ಸಾಣಿಸುವಾಗ ಮೊದಲ ಸಲಕ್ಕೆ ಹೊಟ್ಟೂ ಬರುತ್ತದೆ; ಹಾಗಂತ ಜರಡಿ ಹರಿದಿದೆ ಅನ್ನುವುದಿಲ್ಲ.

ತಪ್ಪು ನಡೆಯುವುದು ಆ 71 ಹೆಸರುಗಳ ಮುಂದೆ ‘ಮೂರ್ಛೆ ರೋಗ’ ಅಂತ ಬರೆದುಬಿಟ್ಟರೆ. ಪ್ರಶ್ನಾವಳಿಯಲ್ಲಿ ‘ಹೌದು’ ಬಂದದ್ದಕ್ಕೆ ‘ಇನ್ನೊಮ್ಮೆ ಕೂತು ಮಾತಾಡಬೇಕು’ ಅನ್ನುವಷ್ಟೇ ಅರ್ಥ. ನಿಮ್ಮ ರಿಜಿಸ್ಟರಿನ ಆ ಕಲಮಿಗೆ ಈಗಲೇ ಹೆಸರು ಬದಲಿಸಿ, ‘ಮತ್ತೆ ವಿಚಾರಿಸಬೇಕು’ ಅಂತ ಬರೆಯಿರಿ.

ಇನ್ನು ‘ಎರಡು’. ಇದು ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದ ತಪ್ಪು, ಮತ್ತು ಇದನ್ನು ನಾನೂ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ ಸಿಂದಗಿ ಕಡೆಯ ಒಂದು ಊರಲ್ಲಿ ಶಿಬಿರ. ಗುಡಿಯ ಕಟ್ಟೆಯ ಮೇಲೆ ನಿಂತು, ಮೈಕು ಹಿಡಿದು, ‘ಮೂರ್ಛೆ ರೋಗ ಇರುವವರು ಈ ಕಡೆ ಬನ್ನಿ’ ಅಂದೆ. ಒಬ್ಬರೂ ಏಳಲಿಲ್ಲ. ‘ಈ ಊರು ಪುಣ್ಯದ ಊರು’ ಅಂತ ನಗೆಚಾಟಿಕೆ ಬೇರೆ. ಸಂಜೆ ಗಾಡಿ ಹತ್ತುವಾಗ ಒಬ್ಬ ತಾಯಿ ಮಗನನ್ನು ಹಿಂದೆ ನಿಲ್ಲಿಸಿಕೊಂಡು ಬಂದರು. ‘ಸಾಹೇಬ್ರ, ಇವಗ ರೋಗ ಏನಿಲ್ರಿ. ಅಮಾಸಿ ಹತ್ರ ಬಂದಾಗ ಬಿದ್ದು ಕೈಕಾಲು ಬಡಿತಾನ, ಬಾಯಾಗ ಬುರುಗ ಬರ್ತೈತಿ, ಅಷ್ಟ.’ ಆ ಹುಡುಗನ ಎಡಗೈಯಲ್ಲಿ ಒಲೆಯ ಸುಟ್ಟ ಕಲೆ, ಮೊಣಕೈವರೆಗೆ. ಅವರು ಸುಳ್ಳು ಹೇಳಲಿಲ್ಲ. ಅವರ ಮನೆಯಲ್ಲಿ ಅದರ ಹೆಸರು ‘ರೋಗ’ ಆಗಿರಲಿಲ್ಲ.

ನಮ್ಮ ಕಡೆ ಇದಕ್ಕೆ ಇರುವ ಮಾತುಗಳನ್ನು ಒಮ್ಮೆ ನೆನೆಸಿಕೊಳ್ಳಿ: ಫಿಟ್ಸ್, ಮೂರ್ಛೆ ಹೋಗೂದು, ಮಲರೋಗ, ಚಕ್ಕರ್ ಬಂದು ಬೀಳೂದು, ಗಾಳಿ ಬಡಿದೈತಿ, ಸೋಂಕು. ಬೆಳಗಾವಿ ಪಟ್ಟಿಯ ಮರಾಠಿ ಮನೆಗಳಲ್ಲಿ ‘ಆಕಡಿ’, ‘ಫೆಫರೆ’. ಉರ್ದು ಮಾತಾಡುವವರಲ್ಲಿ ‘ಮಿರ್ಗಿ’. ವಿಜಯಪುರದ ತಾಂಡಾಗಳಿಗೆ ಹೋದರೆ ಅಲ್ಲಿಯವರೇ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಮಾತು ಅವರ ಬಾಯಿಂದಲೇ ಬರಲಿ. ರೋಗದ ಹೆಸರು ಕೇಳಿದರೆ ಮನೆಯವರು ಮರ್ಯಾದೆಯ ಲೆಕ್ಕ ಹಾಕುತ್ತಾರೆ. ಕಣ್ಣಾರೆ ಕಂಡದ್ದನ್ನು ಕೇಳಿದರೆ ಕಂಡದ್ದನ್ನು ಹೇಳುತ್ತಾರೆ. ಪ್ರಶ್ನಾವಳಿ ಮಾಡುವವರು ಮೊದಲು ಹಿಡಿಯಬೇಕಾದದ್ದು ಇದನ್ನೇ.

ನಿಮ್ಮ ಅನುವಾದದ ಹಾಳೆಯನ್ನೂ ನೋಡಿದೆ. ಬೇಜಾರು ಮಾಡಿಕೊಳ್ಳಬೇಡಿ, ‘ನಿಮಗೆ ಅನೈಚ್ಛಿಕ ಅಂಗಚಲನೆಗಳು ಉಂಟಾಗಿವೆಯೇ?’ ಅಂದರೆ ನನಗೇ ಎರಡು ಸಲ ಓದಬೇಕಾಯಿತು. ‘ಪ್ರಜ್ಞೆಯಲ್ಲಿ ಬದಲಾವಣೆ’ ಅಂದದ್ದಕ್ಕೆ ಸಿಟ್ಟು ಬರುವುದು, ನಿದ್ದೆಗೆಡುವುದು, ಸೆರೆ ಕುಡಿದಾಗಿನ ಮಂಪರು ಎಲ್ಲ ‘ಹೌದು’ ಆಗಿ ಬಂದಿರುತ್ತವೆ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಪುಸ್ತಕದ ಉತ್ತರವೇ ಸಿಗುವುದು. ನಾನಾದರೆ ಆಶಾ ಅಕ್ಕನ ಬಾಯಲ್ಲಿ ಹೀಗೆ ಹಾಕುತ್ತೇನೆ:

‘ಮನ್ಯಾಗ ಯಾರರೆ, ಸಣ್ಣ ಹುಡುಗರು ಹಿಡದು, ಯಾವಾಗರೆ ಒಮ್ಮೆ ಎಚ್ಚರ ತಪ್ಪಿ ಬಿದ್ದು, ಮೈ ಸೆಟದು, ಕೈಕಾಲು ಬಡದಾಡಿದ್ದು ಐತೇನ್ರಿ?’

‘ರಾತ್ರಿ ಮಲಗಿದಾಗ ಹಂಗ ಆಗಿ, ಮುಂಜಾನಿ ನೋಡಿದ್ರ ನಾಲಿಗಿ ಕಡಕೊಂಡಿದ್ದು, ಹಾಸಿಗಿ ಒದ್ದಿ ಆಗಿದ್ದು, ಮೈಯೆಲ್ಲಾ ಬಡದ್ಹಂಗ ನೋವು ಆಗಿದ್ದು?’

‘ಕೆಲಸ ಮಾಡಾಕತ್ತಾವ್ರು ಒಮ್ಮಿಂದೊಮ್ಮೆಲೆ ನಿಂತು, ಕರದ್ರೂ ಓ ಅನ್ನದ, ಖಬರಿಲ್ಲದಂಗ ದಿಟ್ಟಿಸಿ ನೋಡೂದು, ತುಟಿ ಚಪ್ಪರಸೂದು, ಸೆರಗು ಹಿಂಡೂದು, ಆಮ್ಯಾಲ ಏನೂ ನೆನಪಿಲ್ಲ ಅನ್ನೂದು?’

‘ಎಚ್ಚರ ಇದ್ದಾಗನ ಒಂದ ಕೈ, ಇಲ್ಲಾ ಮಾರಿಯ ಒಂದ ಬಾಜು ತಾನ ಜಗ್ಗೂದು? ಮುಂಜಾನಿ ಎದ್ದ ಕೂಡಲೆ ಕೈ ಝಟ್ ಅಂತ ಜಿಗದು ಚಹಾದ ಕಪ್ಪು, ಚರಿಗಿ ಬೀಳೂದು?’

ಕೊನೆಗೆ ಇದೊಂದನ್ನು ಮರೆಯಬೇಡಿ: ‘ಇಂಥಾದ್ದಕ್ಕಂತ ಯಾವ ದವಾಖಾನಿಗಿ, ಯಾವ ದೇವ್ರಿಗಿ ಹೋಗಿ ಬಂದೀರಿ? ಏನ ಗುಳಿಗಿ, ಏನ ತಾಯತ?’ ಮೇಲಿನ ಎಲ್ಲಕ್ಕೂ ‘ಇಲ್ರಿ’ ಅಂದ ಮನೆ ಈ ಪ್ರಶ್ನೆಗೆ ಬಾಯಿ ಬಿಡುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಮೊದಲ ಪ್ರಶ್ನೆ ದೊಡ್ಡ ಫಿಟ್ಸಿಗೆ; ಅದನ್ನು ಯಾರೂ ಮರೆಯುವುದಿಲ್ಲ, ಹಾಗಾಗಿ ಅದು ಚೆನ್ನಾಗಿ ಹಿಡಿಯುತ್ತದೆ. ಎರಡನೆಯದು ನಿದ್ದೆಯಲ್ಲಿ ಬರುವ ದೊಡ್ಡ ಫಿಟ್ಸಿಗೆ; ಮೂರು, ನಾಲ್ಕನೆಯವು ಸಣ್ಣ, ಸದ್ದಿಲ್ಲದ ಫಿಟ್ಸಿಗೆ. ತಪ್ಪಿಸಿಕೊಳ್ಳುವ ಆ ಇಬ್ಬರು ಹೆಚ್ಚಾಗಿ ಈ ಗುಂಪಿನವರು: ತರಗತಿಯಲ್ಲಿ ‘ಲಕ್ಷ್ಯ ಕೊಡೂದಿಲ್ಲ’ ಅಂತ ಏಟು ತಿನ್ನುವ ಹುಡುಗಿ, ‘ಅತ್ತಿ ಮಾತಿಗೆ ಉತ್ತರ ಕೊಡದ ಸೊಸಿ’. ಪ್ರಶ್ನೆಗಳನ್ನು ಊರಿಗೆ ಒಯ್ಯುವ ಮೊದಲು ನಿಮಗೆ ಗೊತ್ತಿರುವ ನಾಲ್ಕಾರು ಫಿಟ್ಸ್ ರೋಗಿಗಳ ಮನೆಯಲ್ಲಿ, ಅಷ್ಟೇ ಸಂಖ್ಯೆಯ ಬೇರೆ ಮನೆಗಳಲ್ಲಿ ಕೇಳಿ ನೋಡಿ. ಕೇಳಿದ್ದನ್ನು ಅವರದೇ ಮಾತಲ್ಲಿ ತಿರುಗಿ ಹೇಳಿಸಿ. ಎಲ್ಲಿ ತಡವರಿಸುತ್ತಾರೋ ಆ ಪದವನ್ನು ಕಿತ್ತುಹಾಕಿ.

ಯಾರನ್ನು ಕೇಳುತ್ತೀರಿ ಅನ್ನುವುದು ಏನು ಕೇಳುತ್ತೀರಿ ಅನ್ನುವಷ್ಟೇ ಮುಖ್ಯ. ಫಿಟ್ಸ್ ಬಂದವನಿಗೆ ಹೆಚ್ಚಾಗಿ ಫಿಟ್ಸ್ ಗೊತ್ತಿರುವುದಿಲ್ಲ. ನೋಡಿದವರು ಬೇಕು. ಬಾಗಿಲಲ್ಲಿ ಕೂತ ಯಜಮಾನರನ್ನು ಕೇಳಿ ಪಟ್ಟಿ ತುಂಬಿಸಿದರೆ ಮುಗಿಯಿತು ಕಥೆ. ಮಧ್ಯಾಹ್ನ ರೊಟ್ಟಿ ಬಡಿಯುವ ಹೊತ್ತಿಗೆ ಒಳಗೆ ಹೋಗಿ, ತಾಯಿಯನ್ನೋ ಜೊತೆಗೆ ಮಲಗುವ ತಂಗಿಯನ್ನೋ ಕೇಳಿ. ಕಬ್ಬು ಕಡಿಯುವ ಗ್ಯಾಂಗಿಗೆ, ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು ಊರಲ್ಲಿ ಇರುವುದು ಜಾತ್ರೆಗೆ, ಹಬ್ಬಕ್ಕೆ. ಎರಡನೇ ಸುತ್ತನ್ನು ಆಗ ಇಟ್ಟುಕೊಳ್ಳಿ.

ಈಗ ಆ 71 ಜನರನ್ನು ಸಾಣಿಸುವುದು. ಇದಕ್ಕೆ ಹೊಸ ಪ್ರಶ್ನಾವಳಿ ಬೇಡ, ಒಂದು ಕಥೆ ಬೇಕು. ನೋಡಿದವರನ್ನು ಕೂರಿಸಿ, ‘ಕಡೀ ಸಲ ಆದಾಗ ಏನೇನಾತು, ಮೊದಲಿಂದ ಹೇಳ್ರಿ’ ಅನ್ನಿ. ನಡುವೆ ಬಾಯಿ ಹಾಕಬೇಡಿ. ಬೀಳುವ ಮೊದಲು ಏನು ಮಾಡುತ್ತಿದ್ದರು, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಎಷ್ಟು ಹೊತ್ತು, ಎಚ್ಚರವಾದ ಮೇಲೆ ಹೇಗಿದ್ದರು, ಇಷ್ಟು ಸಿಕ್ಕರೆ ಅರ್ಧ ರೋಗನಿರ್ಣಯ ಆದಂತೆ.

ಬಿಸಿಲಲ್ಲಿ ಪಾಳಿ ನಿಂತಾಗ, ಉಪವಾಸವಿದ್ದಾಗ, ಸೂಜಿ ರಕ್ತ ನೋಡಿದಾಗ ಕಣ್ಣು ಕತ್ತಲೆ ಬಂದು, ಬೆವೆತು, ಮುಖ ಬಿಳಚಿ ಬಿದ್ದು, ಮಲಗಿಸಿದ ಕೂಡಲೇ ‘ನೀರು ಕೊಡ್ರಿ’ ಅಂದವರದು ಹೆಚ್ಚಾಗಿ ರಕ್ತದೊತ್ತಡ ಇಳಿದು ಬಂದ ತಲೆಸುತ್ತು. ಅವರಿಗೂ ಎರಡು ಮೂರು ಸಲ ಕೈಕಾಲು ಅದುರಬಹುದು, ಉಚ್ಚೆಯೂ ಆಗಬಹುದು. ಅಷ್ಟಕ್ಕೇ ಫಿಟ್ಸ್ ಅನ್ನಬೇಡಿ. ದೊಡ್ಡ ಫಿಟ್ಸಿನಲ್ಲಿ ಮೈ ಮೊದಲು ಸೆಟೆಯುತ್ತದೆ, ಆಮೇಲೆ ಬಡಿತ, ಒಂದೆರಡು ನಿಮಿಷ. ಕಣ್ಣು ತೆರೆದೇ ಇರುತ್ತದೆ. ನಾಲಿಗೆ ಕಡಿದರೆ ಸಾಮಾನ್ಯವಾಗಿ ಅಂಚಿಗೆ. ಆಮೇಲೆ ಹೊತ್ತುಗಟ್ಟಲೆ ಗೊಂದಲ, ತಲೆನೋವು, ಗಾಢ ನಿದ್ದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಕೂಸಿಗೆ ಜ್ವರ ಏರಿದಾಗ ಮಾತ್ರ ಬರುವುದು ಬೇರೆ ಲೆಕ್ಕ. ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗುವ ಕೂಸಿನದೂ ಬೇರೆ. ಕುಡಿಯುವವರು ಒಮ್ಮೆಲೆ ಬಿಟ್ಟ ಎರಡು ದಿನದಲ್ಲಿ ಬರುವ ಫಿಟ್ಸ್, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದಾಗ ಬರುವುದು, ಇವು ಮೂರ್ಛೆ ರೋಗವಲ್ಲ. ಆದರೆ ಅವಸರದ ವಿಷಯ. ಪಟ್ಟಿಯಿಂದ ತೆಗೆದು ಮರೆಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಮೈಯಲ್ಲಿ ದೇವರು ಬರುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ. ದೇವರು ಬಂದಾಗ ಮಾತು ಇರುತ್ತದೆ, ಕೇಳಿದ್ದಕ್ಕೆ ಉತ್ತರ ಬರುತ್ತದೆ, ಹಲಗೆಯ ಬಡಿತಕ್ಕೆ ಮೈ ಆಡುತ್ತದೆ. ಫಿಟ್ಸಿನಲ್ಲಿ ಇದ್ಯಾವುದೂ ಇಲ್ಲ. ಇನ್ನು ಕೆಲವರಿಗೆ, ಅದರಲ್ಲೂ ಮನಸ್ಸಿಗೆ ದೊಡ್ಡ ಭಾರವಿರುವವರಿಗೆ, ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ಅತ್ತಿತ್ತ ಆಡಿಸುತ್ತ, ಕಾಲು ಗಂಟೆ, ಅರ್ಧ ಗಂಟೆ ನಡೆಯುವುದುಂಟು. ಅದು ಮೆದುಳಿನ ವಿದ್ಯುತ್ತಿನ ಏರುಪೇರಲ್ಲ, ಹಾಗಂತ ನಾಟಕವೂ ಅಲ್ಲ. ‘ನಾಟಕ ಮಾಡ್ತಾಳ’ ಅನ್ನುವ ಮಾತು ನಿಮ್ಮ ಬಾಯಿಂದ ಬಂದರೆ ಆ ಮನೆಯ ಬಾಗಿಲು ನಿಮಗೆ ಮುಚ್ಚಿತು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಮೊಬೈಲ್ ಇದೆಯಲ್ಲ. ಮುಂದಿನ ಸಲ ಬಂದಾಗ ಒಬ್ಬರು ರೋಗಿಯನ್ನು ಮಗ್ಗುಲಿಗೆ ಹೊರಳಿಸಲಿ, ಇನ್ನೊಬ್ಬರು ವಿಡಿಯೊ ತೆಗೆಯಲಿ, ಮುಖ ಮತ್ತು ಕೈಕಾಲು ಎರಡೂ ಕಾಣುವಂತೆ. ದೂರದ ಡಾಕ್ಟರನ್ನು ಆನ್‌ಲೈನಿನಲ್ಲಿ ಕಾಣುವ ಸರ್ಕಾರಿ ಸೇವೆ ಇ-ಸಂಜೀವಿನಿಯಲ್ಲಿ ಮಾತಾಡುವಾಗ ಕೈಯಲ್ಲಿ ವಿಡಿಯೊ ಇದ್ದರೆ ನನ್ನಂಥವರು ಹತ್ತು ಪ್ರಶ್ನೆ ಕೇಳುವುದು ತಪ್ಪುತ್ತದೆ. ಅದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು, ಅಷ್ಟನ್ನು ಬಾಯಿಬಿಟ್ಟು ಹೇಳಿ. ಹೇಗೂ ಮನೆಗೆ ಹೋಗಿರುತ್ತೀರಿ, ಇದನ್ನೂ ಹೇಳಿ ಬನ್ನಿ: ಉಳ್ಳಾಗಡ್ಡಿ, ಚಪ್ಪಲಿ ಮೂಸಿಸುವುದು ಬೇಡ, ಕೈಯಲ್ಲಿ ಕೀಲಿ ಹಿಡಿಸುವುದು ಬೇಡ, ಹಲ್ಲಿನ ನಡುವೆ ಚಮಚ ತುರುಕುವುದಂತೂ ಬೇಡವೇ ಬೇಡ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಬಸುರಿಗೆ ಬಂದರೆ 108.

ನನಗೆ ಬಹಳ ದಿನದಿಂದ ಕಾಡುವ ಒಂದು ವಿಷಯವಿದೆ. ನಿಮ್ಮ 22 ವರ್ಷದ ಹುಡುಗಿ ಅದನ್ನು ಮತ್ತೆ ನೆನಪಿಸಿದಳು. ಮಕ್ಕಳ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಫಿಟ್ಸ್ ಇದೆ, ಆದರೆ ಅದು 18 ವರ್ಷದವರೆಗೆ. ನಿಮ್ಮ ಆಶಾ ಅಕ್ಕ ತುಂಬುವ ಸಮುದಾಯ ಮೌಲ್ಯಮಾಪನದ ಹಾಳೆಯಲ್ಲೂ ‘ಫಿಟ್ಸ್ ಬಂದದ್ದುಂಟೇ’ ಅನ್ನುವ ಒಂದು ಸಾಲು ಇದೆ, ಆದರೆ ಅದು 30 ದಾಟಿದವರಿಗೆ. ನಡುವಿನ ಹನ್ನೊಂದು ವರ್ಷ ಈ ಎರಡೂ ಕಾಗದದಲ್ಲಿ ಇಲ್ಲ. ಓದು, ಕೆಲಸ, ಮದುವೆ, ಮೊದಲ ಹೆರಿಗೆ, ಎಲ್ಲ ಆ ವಯಸ್ಸಿನಲ್ಲೇ. ಮನೆಯವರು ಮುಚ್ಚಿಡುವುದೂ ಆ ವಯಸ್ಸಿನಲ್ಲೇ. ನಿಮ್ಮ ಎರಡನೇ ಸುತ್ತಿನಲ್ಲಿ ಬೇರೆ ಯಾರನ್ನು ಬಿಟ್ಟರೂ 19ರಿಂದ 29ರವರನ್ನು ಬಿಡಬೇಡಿ.

ಆ ಹುಡುಗಿಯ ವಿಷಯಕ್ಕೆ ಬರೋಣ. ತಾಯಿ ‘ಬರೀಬ್ಯಾಡ್ರಿ’ ಅಂದದ್ದು ನಿಮ್ಮ ಮೇಲೆ ನಂಬಿಕೆ ಇಟ್ಟು. ಆಶಾ ಅಕ್ಕ ನಾಲ್ಕು ಮನೆಗೆ ಹಿಡಿದು ಓಡಾಡುವ ಪಟ್ಟಿಯಿಂದ ಆ ಹೆಸರನ್ನು ತೆಗೆಯಿರಿ. ಉಪಕೇಂದ್ರದಲ್ಲಿ ಕೀಲಿಯೊಳಗೆ ಇರುವ ರಿಜಿಸ್ಟರಿನಲ್ಲಿ ಮಾತ್ರ ಇರಲಿ, ಹಾಗೆಂದು ಅವರಿಗೂ ಹೇಳಿ. ಹೆಸರಿಗಿಂತ ಚಿಕಿತ್ಸೆ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸರಿಯಾದ ರೋಗನಿರ್ಣಯ, ಚಿಕಿತ್ಸೆ ಸಿಕ್ಕರೆ ನೂರಕ್ಕೆ 70 ಜನರಿಗೆ ಫಿಟ್ಸ್ ಪೂರ್ತಿ ನಿಲ್ಲಬಹುದು. ಯಳಂದೂರಿನವರು ಫಿನೋಬಾರ್ಬಿಟೋನ್, ಫಿನೈಟಾಯಿನ್‌ನಂಥ ಅಗ್ಗದ ಹಳೆಯ ಗುಳಿಗೆಗಳನ್ನು ಇಟ್ಟುಕೊಂಡೇ ಹಳ್ಳಿಯಲ್ಲಿ ಎಷ್ಟೋ ಜನರ ಫಿಟ್ಸ್ ತಡೆದು ತೋರಿಸಿದರು.

ಮದುವೆ ಕೂಡದು ಅಂತ ಯಾವ ಕಾನೂನೂ ಈಗ ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮೂರ್ಛೆ ರೋಗದ ಮಾತನ್ನು 1999ರ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದಾರೆ. ತಾಯಿಗೆ ಇದು ಗೊತ್ತಿರಲಾರದು, ನೀವು ಹೇಳಿ. ಗಂಡಿನ ಮನೆಗೆ ತಿಳಿಸಬೇಕೋ ಬೇಡವೋ ಅನ್ನುವುದು ಅವರ ನಿರ್ಧಾರ. ನನ್ನ ಅಭಿಪ್ರಾಯ ಕೇಳಿದರೆ, ತಿಳಿಸುವುದೇ ಒಳ್ಳೆಯದು, ಅದೂ ಒಂದೇ ಕಾರಣಕ್ಕೆ: ಮುಚ್ಚಿಟ್ಟು ಮದುವೆಯಾದ ಹುಡುಗಿ ಅತ್ತೆ ಮನೆಯಲ್ಲಿ ಮೊದಲು ಬಿಡುವುದು ಗುಳಿಗೆಯನ್ನು. ಒಮ್ಮೆಲೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೆ ಅಪಾಯವಾಗಬಹುದು. ಹಾಗೆ ತಡರಾತ್ರಿ ಆಸ್ಪತ್ರೆಗೆ ಹೊತ್ತು ತಂದ ಹೊಸ ಮದುವಣಗಿತ್ತಿಯರನ್ನು ನಾನು ನೋಡಿದ್ದೇನೆ, ಕೈಯ ಮದರಂಗಿ ಇನ್ನೂ ಮಾಸಿರುವುದಿಲ್ಲ.

ಆಕೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ದೊಡ್ಡ ತಪಾಸಣೆ ಬೇಕಾದರೆ ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ಡಿಮ್ಹಾನ್ಸ್ ಇದೆ. ಮೆದುಳಿನ ಸ್ಕ್ಯಾನ್ ಮಾಡಿಸಿ ಅಂದರೆ ಹೆದರದಿರಲಿ. ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ ಮೆದುಳಲ್ಲಿ ಗಂಟಾಗಿದ್ದರೆ ಅದರಲ್ಲಿ ಕಾಣುತ್ತದೆ. ‘ನಾವು ಹಂದಿ ಮಾಂಸ ಮುಟ್ಟೂದಿಲ್ರಿ’ ಅಂತ ಮನೆಯವರು ನೊಂದುಕೊಂಡರೆ, ಆ ಮೊಟ್ಟೆ ಬರುವುದು ಮನುಷ್ಯರ ಮಲ ಸೇರಿದ ನೀರಿನಿಂದ, ತೊಳೆಯದ ಹಸಿ ಸೊಪ್ಪಿನಿಂದ ಅಂತ ಹೇಳಿ. ಅವಳು ಈಗಾಗಲೇ ವ್ಯಾಲ್ಪ್ರೊಯೇಟ್ ಎಂಬ ಫಿಟ್ಸಿನ ಗುಳಿಗೆ ನುಂಗುತ್ತಿದ್ದರೆ ತಾನಾಗಿ ನಿಲ್ಲಿಸುವುದು ಬೇಡ, ಆದರೆ ಮದುವೆಗೆ ಮೊದಲೇ ಡಾಕ್ಟರ ಹತ್ತಿರ ಆ ಮಾತು ಎತ್ತಲಿ. ಹೊಟ್ಟೆಯೊಳಗಿನ ಕೂಸಿಗೆ ಅದು ಒಳ್ಳೆಯದಲ್ಲ, ಸಾಧ್ಯವಿದ್ದರೆ ಬೇರೆ ಔಷಧಿಗೆ ಬದಲಿಸುತ್ತಾರೆ, ಫೋಲಿಕ್ ಆ್ಯಸಿಡ್ ಸೇರಿಸುತ್ತಾರೆ. ಬರುವಾಗ ತಾಯಿಯೇ ಜೊತೆಗೆ ಬರಲಿ, ನೋಡಿದವರು ಅವರೇ ತಾನೆ. ಹಿಂದೆ ಎಲ್ಲೋ ತೋರಿಸಿದ ಚೀಟಿ, ನುಂಗಿ ಮುಗಿಸಿದ ಗುಳಿಗೆಯ ಖಾಲಿ ಪಟ್ಟಿ ಮನೆಯ ಮಾಡದಲ್ಲಿ ಬಿದ್ದಿದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಂಡು ಬರಲಿ.